ರಸಬಾಳೆ ಸೊರಗುವುದೇಕೆ?

ಮಕ್ಕಳೇ, ನಂಜನಗೂಡು ಎಂದೊಡನೆ ನಿಮಗೆ ನೆನಪಾಗುವ ಹಣ್ಣು ಯಾವುದು? ರಸಬಾಳೆ ಅಲ್ಲವೇ? ತೆಳು ಸಿಪ್ಪೆ, ಪರಿಮಳ, ಸಿಹಿಯಾದ ತಿರುಳು ಇದರ ವಿಶೇಷ. ಭೌಗೋಳಿಕ ಸೂಚಕ ಮಾನ್ಯತೆಯೂ ಇದಕ್ಕೆ ದೊರೆತಿದೆ. ಆದರೆ ಇಂದು ರಸಬಾಳೆಯ ತೋಟಗಳು ವಿರಳ. ಇದಕ್ಕೆ ಮುಖ್ಯ ಕಾರಣ ಪನಾಮಾ ಸೊರಗು ರೋಗ.

ರೋಗ ಬರುವುದು ಹೇಗೆ?

ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರವು ಬೇರಿನ ಮೂಲಕ ಬಾಳೆಯನ್ನು ಹೊಕ್ಕು, ನೀರು ಸಾಗಿಸುವ ನಾಳಗಳಲ್ಲಿ ಬೆಳೆಯುತ್ತದೆ. ನಾಳಗಳು ಕಟ್ಟಿಕೊಳ್ಳುತ್ತವೆ. ಬುಡದಲ್ಲಿ ನೀರಿದ್ದರೂ ಅದು ಎಲೆಗೆ ತಲುಪುವುದಿಲ್ಲ. ಮೊದಲು ಹಳೆಯ ಎಲೆಗಳು ಹಳದಿಯಾಗಿ ಜೋತುಬೀಳುತ್ತವೆ. ಕೊನೆಗೆ ಗಿಡವೇ ಸಾಯುತ್ತದೆ.

ಈ ಶಿಲೀಂಧ್ರ ಹತ್ತಾರು ವರ್ಷ ಮಣ್ಣಿನಲ್ಲಿ ಉಳಿಯಬಲ್ಲದು. ರೋಗ ತಗುಲಿದ ಕಂದು, ಗುದ್ದಲಿಗೆ ಅಂಟಿದ ಮಣ್ಣು, ಹರಿಯುವ ನೀರು ಇವುಗಳಿಂದ ಹರಡುತ್ತದೆ.

ಎಲ್ಲ ಗಿಡಗಳಿಗೂ ಏಕೆ?

ನಾವು ತಿನ್ನುವ ಬಾಳೆಹಣ್ಣಿನಲ್ಲಿ ಮೊಳೆಯುವ ಬೀಜವಿಲ್ಲ. ತಾಯಿ ಗಿಡದ ಕಂದನ್ನೇ ನೆಡುತ್ತೇವೆ. ಹಾಗಾಗಿ ರಸಬಾಳೆ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಗುಣದವು. ಒಂದು ಗಿಡ ತಡೆಯಲಾರದ ರೋಗವನ್ನು ಉಳಿದವೂ ತಡೆಯಲಾರವು.

ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ ರೋಗವಿಲ್ಲದ ಸಸಿಗಳನ್ನು ಬೆಳೆಸಬಹುದು. ಆದರೆ ರೋಗವಿಲ್ಲದ ಸಸಿ ಬೇರೆ, ರೋಗ ತಡೆಯುವ ಸಸಿ ಬೇರೆ. ಶಿಲೀಂಧ್ರವಿರುವ ಮಣ್ಣಿನಲ್ಲಿ ನೆಟ್ಟರೆ ಆ ಸಸಿಗೂ ರೋಗ ಬರಬಹುದು.

ವಿಜ್ಞಾನಿಗಳ ಮುಂದಿರುವ ಪ್ರಶ್ನೆಗಳು

1. ರಸಬಾಳೆಯನ್ನು ಕೊಲ್ಲುವ ಶಿಲೀಂಧ್ರವನ್ನು ಪಚ್ಚಬಾಳೆ ತಡೆದುಕೊಳ್ಳುತ್ತದೆ. ಹೇಗೆ? 2012ರಲ್ಲಿ ಬಾಳೆಯ ಜೀನ್‌ಗಳ ನಕ್ಷೆ ಸಿದ್ಧವಾದ ಮೇಲೆ ಈ ಹುಡುಕಾಟ ಸುಲಭವಾಗಿದೆ. ಆದರೆ ಪಚ್ಚಬಾಳೆಯನ್ನೂ ಕೊಲ್ಲುವ ಇನ್ನೊಂದು ಬಗೆಯ ಫ್ಯುಸೇರಿಯಂ ಬಿಹಾರದಲ್ಲಿ ಕಾಣಿಸಿಕೊಂಡಿದೆ.

2. ಕಾಡುಬಾಳೆಯ ಒಂದು ಜೀನ್ ಸೇರಿಸಿ, ಈ ಹೊಸ ಬಗೆಯನ್ನು ತಡೆಯುವ ಬಾಳೆಯನ್ನು ಆಸ್ಟ್ರೇಲಿಯಾದಲ್ಲಿ ರೂಪಿಸಿದ್ದಾರೆ. 2024ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಅನುಮತಿ ನೀಡಿತು. ರಸಬಾಳೆಗೂ ಇಂಥ ಶಕ್ತಿ ಕೊಟ್ಟರೆ ಅದರ ರುಚಿ, ಪರಿಮಳ ಹಾಗೆಯೇ ಉಳಿದೀತೇ?

3. ಟ್ರೈಕೋಡರ್ಮಾದಂತಹ ಉಪಕಾರಿ ಶಿಲೀಂಧ್ರಗಳು ಫ್ಯುಸೇರಿಯಂನ ಬೆಳವಣಿಗೆಯನ್ನು ತಡೆಯಬಲ್ಲವು. ನಂಜನಗೂಡಿನ ಒಂದು ತೋಟದಲ್ಲಿ ಇದು ಫಲ ಕೊಟ್ಟರೆ, ಟಿ. ನರಸೀಪುರದ ಬೇರೆ ಬಗೆಯ ಮಣ್ಣಿನಲ್ಲೂ ಕೊಟ್ಟೀತೇ?

ಇವುಗಳಿಗೆ ಪೂರ್ಣ ಉತ್ತರ ಇನ್ನೂ ಸಿಕ್ಕಿಲ್ಲ. ಮುಂದೆ ಉತ್ತರ ಹುಡುಕುವವರಲ್ಲಿ ನೀವೂ ಒಬ್ಬರಾಗಬಹುದು!

ಮಾಡಿ ನೋಡಿ

ಎರಡು ಬಿಳಿ ಸುಗಂಧರಾಜದ ಹೂಕಡ್ಡಿಗಳನ್ನು ತೆಗೆದುಕೊಳ್ಳಿ. ಒಂದರ ಕತ್ತರಿಸಿದ ತುದಿಗೆ ಮೇಣ ಮೆತ್ತಿ. ಎರಡನ್ನೂ ಕೆಂಪು ಶಾಯಿ ಬೆರೆಸಿದ ನೀರಿನಲ್ಲಿಡಿ. ಮರುದಿನ ಯಾವ ಹೂವಿಗೆ ಬಣ್ಣ ಏರಿದೆ? ಇನ್ನೊಂದಕ್ಕೆ ಏಕೆ ಏರಲಿಲ್ಲ? ಸೊರಗಿದ ಬಾಳೆಯೊಂದಿಗೆ ಹೋಲಿಸಿ ಬರೆಯಿರಿ.