ಕಪ್ ಗೆದ್ದಾಕೆ ಕೇಳಿದ್ದು ರಸ್ತೆ

2025ರ ನವೆಂಬರ್ 23ರಂದು ಕೊಲಂಬೊದಲ್ಲಿ ಭಾರತದ ಅಂಧ ಮಹಿಳೆಯರ ಕ್ರಿಕೆಟ್ ತಂಡ ನೇಪಾಳವನ್ನು ಏಳು ವಿಕೆಟ್‌ಗಳಿಂದ ಮಣಿಸಿ ಟಿ–20 ವಿಶ್ವಕಪ್ ಎತ್ತಿ ಹಿಡಿಯಿತು. ಅಂಧ ಮಹಿಳೆಯರಿಗಾಗಿ ನಡೆದ ಮೊತ್ತಮೊದಲ ವಿಶ್ವಕಪ್ ಅದು. ತಂಡದ ನಾಯಕಿ ಟಿ.ಸಿ. ದೀಪಿಕಾ ಅವರ ಊರು ತಂಬಲಹಟ್ಟಿ, ಶಿರಾ ಸೀಮೆಗೆ ಅಂಟಿಕೊಂಡಂತಿರುವ ಹೇಮಾವತಿಯ ಬಳಿ. ಹೇಮಾವತಿ ಎಂದರೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ನಕ್ಷೆಯಲ್ಲಿ ಅದು ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರೂ ಕನ್ನಡದ ಮಾತು, ನೆಂಟಸ್ತಿಕೆ, ವ್ಯವಹಾರ ಎಲ್ಲವೂ ಗಡಿಯ ಈಚೆಗೂ ಹರಡಿವೆ. ದೀಪಿಕಾ ಆಡುವುದೂ ಕರ್ನಾಟಕದ ಪರವಾಗಿಯೇ.

ಗೆಲುವಿನ ಸುದ್ದಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಸುದ್ದಿ. ಡಿಸೆಂಬರ್‌ನಲ್ಲಿ ಆಂಧ್ರದ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ತಂಡವನ್ನು ಕರೆಸಿ ಗೌರವಿಸಿದರು. ಆಗ ದೀಪಿಕಾ ಮುಂದಿಟ್ಟ ಬೇಡಿಕೆ ತಮ್ಮೂರಿಗೊಂದು ರಸ್ತೆ. ಅಂದೇ 6.2 ಕೋಟಿ ರೂಪಾಯಿಯ ರಸ್ತೆ ಕಾಮಗಾರಿಗೆ ಒಪ್ಪಿಗೆ ಸಿಕ್ಕಿತು. ವಿಶ್ವಕಪ್ ಗೆಲ್ಲುವ ತಾಕತ್ತಿನ ಹುಡುಗಿ ಆ ಊರಲ್ಲಿ ಮೊದಲೇ ಇದ್ದಳು. ಇಲ್ಲದೇ ಇದ್ದದ್ದು ಹೋಗಿ ಬರುವ ದಾರಿ.

ಅಂಗವಿಕಲರ ವಿಷಯ ಬಂದಾಗಲೆಲ್ಲ ನಮಗೆ ತಕ್ಷಣ ಹೊಳೆಯುವುದು ಅವರಿಗೆ ಏನು ಕೊಡೋಣ ಎಂಬ ಯೋಚನೆ. ಶಾಮಿಯಾನ, ವೇದಿಕೆ, ಸಾಲಾಗಿ ನಿಲ್ಲಿಸಿದ ತ್ರಿಚಕ್ರ ವಾಹನಗಳು, ಹಾರ, ಫೋಟೊ. ವಾಹನ ಬೇಡವೆಂದಲ್ಲ, ಅದಕ್ಕಾಗಿ ವರ್ಷಗಟ್ಟಲೆ ಕಾದವರಿದ್ದಾರೆ. ಆದರೆ ಮನೆ ಮುಂದಿನ ಚರಂಡಿ ದಾಟಲಾಗದ, ಪಂಚಾಯಿತಿ ಕಚೇರಿಯ ಮೆಟ್ಟಿಲ ಬುಡಕ್ಕೇ ನಿಂತುಬಿಡುವ ವಾಹನದಿಂದ ಸವಾರ ಎಲ್ಲಿಗೂ ತಲುಪುವುದಿಲ್ಲ. ಒಂದು ಸೇವಾಸಂಸ್ಥೆಯ ಕೆಲಸವನ್ನು ಅಳೆಯುವುದಾದರೆ ನಾನು ಇದನ್ನೇ ಕೇಳುತ್ತೇನೆ: ಅದು ಹಂಚಿದ್ದೆಷ್ಟು ಎಂಬುದಿರಲಿ, ದಾರಿ ಎಷ್ಟು ತೆರೆಯಿತು?

ದೀಪಿಕಾ ಅವರ ತಂಡದ ಹಿಂದೆ ಅಂಥದೊಂದು ಸಂಸ್ಥೆಯಿದೆ. ಮಹಾಂತೇಶ್ ಜಿ. ಕಿವಡಸಣ್ಣವರ ಮತ್ತು ಅವರ ಗೆಳೆಯ ಎಸ್.ಪಿ. ನಾಗೇಶ್ ಸೇರಿ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಸಮರ್ಥನಂ’. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ವಿದ್ಯಾಭ್ಯಾಸ, ವಸತಿ, ಉದ್ಯೋಗ ತರಬೇತಿಯ ಜೊತೆಗೆ ಅಂಧರ ಕ್ರಿಕೆಟ್ಟನ್ನು ದೇಶದಲ್ಲಿ ಬೆಳೆಸುವ ಹೊಣೆಯನ್ನೂ ಸಂಸ್ಥೆ ಹೊತ್ತುಕೊಂಡಿತು. 2012ರಲ್ಲಿ ಮೊದಲ ಅಂಧರ ಟಿ–20 ವಿಶ್ವಕಪ್ ನಡೆದದ್ದು ಬೆಂಗಳೂರಿನಲ್ಲೇ. ಅಂದು ಗೆದ್ದ ಭಾರತ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2023ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಮ್ಮ ಅಂಧ ಮಹಿಳೆಯರು ಆಸ್ಟ್ರೇಲಿಯಾವನ್ನು ಸೋಲಿಸಿ ಚಿನ್ನ ಗೆದ್ದರು.

ಈ ಆಟವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಗುಂಡುಗಳಿವೆ. ಉರುಳಿದರೆ ಗಲಗಲ ಸದ್ದು. ಬೌಲರ್ ಮೊದಲು ‘ರೆಡಿ?’ ಎಂದು ಕೂಗಿ ಕೇಳಬೇಕು, ಬ್ಯಾಟರ್ ‘ಎಸ್’ ಅನ್ನಬೇಕು, ‘ಪ್ಲೇ’ ಎನ್ನುತ್ತ ಚೆಂಡನ್ನು ಕೆಳಗೈಯಿಂದ ಬಿಡಬೇಕು. ಬ್ಯಾಟರ್ ತಲೆ ಬಾಗಿಸಿ, ಕಿವಿಯನ್ನು ನೆಲದ ಕಡೆಗೆ ಹಿಡಿದು ಆ ಸದ್ದಿನ ದಾರಿಗೆ ಅಡ್ಡವಾಗಿ ಬ್ಯಾಟು ಬೀಸುತ್ತಾಳೆ. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ತಿ ದೃಷ್ಟಿ ಇಲ್ಲದವರಿರಬೇಕು, ಅವರು ಹೊಡೆದ ರನ್ನಿಗೆ ದುಪ್ಪಟ್ಟು ಲೆಕ್ಕ. ಆಟಗಾರರ ಕಣ್ಣನ್ನು ಯಾರೂ ಬದಲಾಯಿಸಲಿಲ್ಲ. ಚೆಂಡನ್ನು ಬದಲಾಯಿಸಿದರು, ನಿಯಮ ಬದಲಾಯಿಸಿದರು. ಪೈಪೋಟಿ ಒಂದಿಷ್ಟೂ ಸಡಿಲವಾಗಲಿಲ್ಲ, ಸೋಲು ಗೆಲುವು ಎರಡೂ ಅಷ್ಟೇ ಖಾರವಾಗಿವೆ. ಶಾಲೆ, ಬಸ್ಸು, ಕಚೇರಿ, ಸಂತೆಗಳನ್ನೂ ಹೀಗೆಯೇ ಬದಲಾಯಿಸಲು ಬರುತ್ತದೆ. ಅದು ಯಾಕೆ ಇಷ್ಟು ನಿಧಾನ ಎಂಬುದೇ ನನ್ನ ಸಂಕಟ.

ಮಧುಗಿರಿಯಿಂದ ಶಿರಾ ಕಡೆಗೆ ಹೋಗುವಾಗ ಸಿಗುವ ಬಡವನಹಳ್ಳಿಯಂಥ ಊರಿನಲ್ಲಿ ನಿಂತು ಯೋಚಿಸಿ. ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡವರೊಬ್ಬರಿಗೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಬಸ್ಸಿನ ಮೊದಲ ಮೆಟ್ಟಿಲೇ ಮೊಣಕಾಲೆತ್ತರ. ಆಸ್ಪತ್ರೆಗೆ ಹೋದರೆ ತಜ್ಞರು ಬರುವ ದಿನ ಬೇರೆ. ಕಿವಿ ಕೇಳದ ಮಗುವಾದರೆ ಶ್ರವಣ ಪರೀಕ್ಷೆಗೆ ಇನ್ನೂ ಮುಂದಕ್ಕೆ ಕಳಿಸುತ್ತಾರೆ. ಜೊತೆಗೆ ಬಂದವರ ಆ ದಿನದ ಕೂಲಿಯೂ ಹೋಯಿತು. ವೈಕಲ್ಯ ಕನಿಷ್ಠ ಶೇ 40 ಎಂದು ಬರೆಸಿಕೊಂಡರೆ ಮಾತ್ರ ಮಾಸಾಶನ, ಮೀಸಲಾತಿಗಳ ಬಾಗಿಲು ತೆರೆಯುತ್ತದೆ. ಸಾರಿಗೆ ನಿಗಮದ ರಿಯಾಯಿತಿ ಪಾಸು ಮನೆಯಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ. ಮಧುಗಿರಿ, ಕೊರಟಗೆರೆಯವರು ಅದರಲ್ಲಿ ತುಮಕೂರು ಮುಟ್ಟಬಹುದು. ಪಾವಗಡದ ಮೂಲೆಯ ಹಳ್ಳಿಯವರಿಗೆ ಜಿಲ್ಲಾ ಕೇಂದ್ರವೇ ಆ ಗೆರೆಯ ಅಂಚಿನಲ್ಲಿದೆ, ಬೆಂಗಳೂರಿನ ಮಾತಂತೂ ದೂರವೇ ಉಳಿಯಿತು.

ಅದೇ ಪಾವಗಡದಲ್ಲಿ ಜನರನ್ನು ಊರಿಂದೂರಿಗೆ ಅಲೆಸದೆ ತಾನೇ ಹಳ್ಳಿಗೆ ನಡೆದುಹೋದ ಸೇವೆಯೊಂದಿದೆ. ಸ್ವಾಮಿ ಜಪಾನಂದರು ನಡೆಸಿಕೊಂಡು ಬಂದಿರುವ ಶ್ರೀರಾಮಕೃಷ್ಣ ಸೇವಾಶ್ರಮ, ಅದರ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರ. ಕುಷ್ಠ, ಕ್ಷಯ, ಕಣ್ಣು ಈ ಮೂರನ್ನು ಆಶ್ರಮ ಕೈಗೆತ್ತಿಕೊಂಡಿತು. ಶಾರದಾದೇವಿ ಕಣ್ಣಿನ ಆಸ್ಪತ್ರೆಯೂ ಅದರದೇ. ಮಳೆ ಕಡಿಮೆ, ಗುಳೆ ಹೆಚ್ಚು, ಮೂರು ಕಡೆಯೂ ಆಂಧ್ರದ ಗಡಿ. ಇಂಥ ತಾಲ್ಲೂಕಿನಲ್ಲಿ ಕುಷ್ಠರೋಗಿಯನ್ನು ಹುಡುಕಿ ಹೋಗುವುದೆಂದರೆ ಸುಲಭದ ಮಾತಲ್ಲ. ರೋಗ ಬಂದವರು ಮೊದಲು ಮಾಡುತ್ತಿದ್ದುದೇ ಬಚ್ಚಿಟ್ಟುಕೊಳ್ಳುವ ಕೆಲಸ.

ಕುಷ್ಠಕ್ಕೆ ಬಹುಔಷಧ ಚಿಕಿತ್ಸೆ 1980ರ ದಶಕದಲ್ಲೇ ಬಂತು. ಆರು ತಿಂಗಳೋ ಒಂದು ವರ್ಷವೋ ಉಚಿತವಾಗಿ ಸಿಗುವ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ. 2005ರ ಕೊನೆಗೆ ಕುಷ್ಠ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಯಾಯಿತೆಂದು ದೇಶ ಘೋಷಿಸಿಕೊಂಡಿತು. ಆದರೆ ಸತ್ತ ನರ ಮಾತ್ರೆಯಿಂದ ಮರಳಿ ಹುಟ್ಟುವುದಿಲ್ಲ. ಪಾದಕ್ಕೆ ಸ್ಪರ್ಶ ಇಲ್ಲದವರಿಗೆ ಜಾಲಿ ಮುಳ್ಳು ಚುಚ್ಚಿದ್ದು ಗೊತ್ತಾಗುವುದು ರಕ್ತ ಕಂಡಾಗ. ಬಿಸಿ ಲೋಟ ಹಿಡಿದ ಬೆರಳಿಗೆ ಬೊಬ್ಬೆ ಎದ್ದರೂ ಕೈ ಬಿಡುವುದಿಲ್ಲ. ಬೆರಳು ಕ್ರಮೇಣ ಒಳಕ್ಕೆ ಮುದುರುತ್ತವೆ, ರೆಪ್ಪೆ ಮುಚ್ಚದೆ ಕಣ್ಣು ಒಣಗುತ್ತದೆ. ಇಲ್ಲಿ ಬೇಕಾಗುವ ಆರೈಕೆ ನೋಡಲು ತೀರ ಸಾಮಾನ್ಯ: ದಿನಾ ಪಾದವನ್ನು ನೀರಿನಲ್ಲಿ ನೆನೆಹಾಕಬೇಕು, ಒಡೆದ ಚರ್ಮವನ್ನು ಮೆಲ್ಲಗೆ ಉಜ್ಜಿ ಎಣ್ಣೆ ಹಚ್ಚಬೇಕು, ಎಂಸಿಆರ್ ಚಪ್ಪಲಿ ಮೆಟ್ಟಬೇಕು. ಒಳಗೆ ಮೆತ್ತನೆಯ ರಬ್ಬರ್, ತಳದಲ್ಲಿ ಗಟ್ಟಿ ಅಟ್ಟೆ, ಎಲ್ಲೂ ಮೊಳೆ ಇಲ್ಲ. ಪಟ್ಟಿಯನ್ನು ಅವರವರ ಪಾದಕ್ಕೆ ಸರಿಹೊಂದಿಸಬೇಕು, ಸವೆದ ಕೂಡಲೇ ಬದಲಿಸಬೇಕು. ಮುದುರಿದ ಬೆರಳನ್ನು ಬಿಡಿಸುವ ಶಸ್ತ್ರಚಿಕಿತ್ಸೆಯೂ ಇದೆ. ಪಾಲ್ ಬ್ರ್ಯಾಂಡ್ ಎಂಬ ವೈದ್ಯರು ವೆಲ್ಲೂರಿನಲ್ಲಿ ಅದಕ್ಕೆ ದಾರಿ ಹಾಕಿಕೊಟ್ಟರು. ಈ ಚಪ್ಪಲಿ ನೋಡಿ ‘ಇವರಿಗೆ ಆ ಕಾಯಿಲೆ’ ಎಂದು ಊರು ಗುರುತು ಹಿಡಿಯುತ್ತದೆಂದು ಹೆದರಿ ಹಾಕಿಕೊಳ್ಳದವರಿದ್ದಾರೆ. ಹಾಗಾಗಿ ಪಾದಕ್ಕೆ ಔಷಧ ಹಚ್ಚುವ ಕಾರ್ಯಕರ್ತರು ಊರಿನೊಂದಿಗೂ ಮಾತಾಡಬೇಕಾಗುತ್ತದೆ. ಹೋಟೆಲಿನವನ ಜೊತೆ, ಶಾಲೆಯ ಮೇಷ್ಟ್ರ ಜೊತೆ, ಸೊಸೆಯನ್ನು ತವರಿಗೆ ಕಳಿಸಲು ಹೊರಟ ಮನೆಯ ಹಿರಿಯರ ಜೊತೆ. ಕುಷ್ಠವನ್ನೇ ಕಾರಣ ಮಾಡಿ ವಿಚ್ಛೇದನ ಪಡೆಯಲು ನಮ್ಮ ವೈಯಕ್ತಿಕ ಕಾನೂನುಗಳಲ್ಲಿ 2019ರವರೆಗೂ ಅವಕಾಶವಿತ್ತು ಎಂಬುದನ್ನು ನೆನೆದರೆ ಆ ಮಾತುಕತೆಯ ಭಾರ ಎಷ್ಟೆಂದು ತಿಳಿಯುತ್ತದೆ.

ಈ ಸೀಮೆಗೆ ಇನ್ನೊಂದು ಸಂಕಟವಿದೆ, ನೀರು. ಪಾವಗಡ, ಶಿರಾ, ಮಧುಗಿರಿಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಹಲ್ಲು ಕಂದುವುದು ಮೊದಲ ಗುರುತು. ವರ್ಷಗಟ್ಟಲೆ ಕುಡಿದವರಿಗೆ ಬೆನ್ನು, ಮೊಣಕಾಲು ಬಿಗಿದು ಬಗ್ಗಲಾಗದಂತೆ ಆಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು, ಕುಷ್ಠದಿಂದ ವಾಸಿಯಾದವರೂ ಅದರಲ್ಲಿದ್ದಾರೆ. ಫ್ಲೋರೋಸಿಸ್ ಹೆಸರು ಮಾತ್ರ ಪಟ್ಟಿಯಲ್ಲಿಲ್ಲ. ಚಲನ ವೈಕಲ್ಯವೆಂದು ಅಳೆಸಿಕೊಳ್ಳಬೇಕು. ವಯಸ್ಸಾಯಿತು, ಮಂಡಿನೋವು ಎಂದುಕೊಂಡು ಜಗಲಿಯಲ್ಲೇ ಉಳಿದುಬಿಡುವವರೇ ಹೆಚ್ಚು. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಅದನ್ನೂ ಅಂಗವೈಕಲ್ಯದ ವಿಷಯವೆಂದೇ ಪಂಚಾಯಿತಿ ನೋಡಬೇಕು.

2011ರ ಜನಗಣತಿಯಂತೆ ರಾಜ್ಯದಲ್ಲಿ ಅಂಗವಿಕಲರು 13.24 ಲಕ್ಷ. ಇಷ್ಟು ಜನರ ಬಳಿಗೆ ಬೆಂಗಳೂರಿನ ಸಂಸ್ಥೆಗಳು ಹೋಗಿ ಮುಟ್ಟುವುದು ಸಾಧ್ಯವಿಲ್ಲ. ಇಲ್ಲಿ ಕರ್ನಾಟಕ ಒಂದು ಒಳ್ಳೆಯ ಕೆಲಸ ಮಾಡಿದೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರಂತೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಊರಲ್ಲಿ ಎಲ್ಲರೂ ಕರೆಯುವುದು ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು ಎಂದೇ. ಇವರು ಸ್ವತಃ ಅಂಗವಿಕಲರು. ಹುಣಸೆಹಣ್ಣು ಕುಟ್ಟುತ್ತ ಕೂತ ತಾಯಿಯೊಬ್ಬಳು ‘ಪಾಪ, ಇವನಿಂದೇನಾಗುತ್ತೆ, ಮನೇಲೇ ಇರ್ಲಿ ಬಿಡಿ’ ಎಂದಾಗ, ಊರುಗೋಲು ಹಿಡಿದು ಮನೆ ಬಾಗಿಲಿಗೆ ಬಂದ ಕಾರ್ಯಕರ್ತೆಯೇ ಅದಕ್ಕೆ ಉತ್ತರ. ಮಾಸಾಶನದ ಅರ್ಜಿ ಬರೆಯುವುದು, ಶಿಬಿರಕ್ಕೆ ಕರೆದೊಯ್ಯುವುದು, ಮಗುವನ್ನು ಶಾಲೆಗೆ ಸೇರಿಸುವುದು ಎಲ್ಲ ಅವರ ತಲೆಯ ಮೇಲೇ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದು ಕಡಿಮೆ, ಕಾಯಂ ಮಾಡಿ ಎಂದು ಅವರು ಬೀದಿಗಿಳಿದು ಕೇಳುತ್ತಲೇ ಇದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು.

ಅಂಗವಿಕಲರೇ ಅಂಗವಿಕಲರ ಕೆಲಸವನ್ನು ಮುನ್ನಡೆಸಬೇಕೆಂಬ ಈ ನಡೆಗೆ ರಾಜ್ಯದಲ್ಲಿ ಹಳೆಯ ಬೇರಿದೆ. ಪೋಲಿಯೊದಿಂದ ನಡಿಗೆ ಕಳೆದುಕೊಂಡಿದ್ದ ಎನ್.ಎಸ್. ಹೇಮಾ ಬೆಂಗಳೂರಿನಲ್ಲಿ ಎಪಿಡಿ ಎಂಬ ಅಂಗವಿಕಲರ ಸಂಸ್ಥೆಯನ್ನು ಕಟ್ಟಿದ್ದು 1959ರಲ್ಲಿ. ಆಗ ಅಂಗವಿಕಲರ ಹಕ್ಕುಗಳ ಬಗ್ಗೆ ದೇಶದಲ್ಲಿ ಒಂದು ಕಾನೂನೂ ಇರಲಿಲ್ಲ. ಲಿಂಗರಾಜಪುರದ ಅವರ ಶಾಲೆಯಲ್ಲಿ ಅಂಗವಿಕಲ ಮಕ್ಕಳು, ಉಳಿದ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಓದಿದರು. ತೋಟಗಾರಿಕೆ ಕಲಿತವರು ನರ್ಸರಿ ನಡೆಸಿ ಗಿಡ ಮಾರಿದರು.

ಇನ್ನು ಇಳಿಜಾರಿನ ವಿಷಯ. ಎಲ್ಲ ಕಟ್ಟಡಕ್ಕೂ ‘ರ‍್ಯಾಂಪ್ ಮಾಡಿಸಿದ್ದೇವೆ’ ಎನ್ನುತ್ತಾರೆ. ನಿಯಮ ಹೇಳುವುದು 1:12. ಅಂದರೆ ಒಂದಡಿ ಏರಲು ಹನ್ನೆರಡಡಿ ಉದ್ದ. ಕಚೇರಿಯ ಜಗಲಿ ನೆಲದಿಂದ ಎರಡಡಿ ಎತ್ತರವಿದ್ದರೆ ಇಳಿಜಾರು 24 ಅಡಿ ಬರಬೇಕು, ಎರಡೂ ಬದಿಗೆ ಹಿಡಿಕಂಬಿ, ಮೇಲೆ ಕುರ್ಚಿ ತಿರುಗಿಸುವಷ್ಟು ಸಮತಟ್ಟು ಜಾಗ, ಕೆಳಗೆ ಜಾರದ ನೆಲ. ಜಾಗವಿಲ್ಲವೆಂದು ಆರೇಳಡಿಗೆ ಮುಗಿಸಿದರೆ ಗಾಲಿಕುರ್ಚಿಯವರು ಒಬ್ಬರೇ ಹತ್ತಲಾರರು, ಇಳಿಯುವಾಗ ಮುಗ್ಗರಿಸಿ ಬೀಳುತ್ತಾರೆ. ಮೇಸ್ತ್ರಿಗೆ ಈ ಲೆಕ್ಕ ಮೊದಲೇ ಹೇಳಿದರೆ ಖರ್ಚೇನೂ ದೊಡ್ಡದಲ್ಲ; ಕಟ್ಟಿ ಒಡೆದು ಮತ್ತೆ ಕಟ್ಟುವುದೇ ದುಬಾರಿ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಹೇಳಿ ನಿಯಮ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಪಂಚಾಯಿತಿಯಲ್ಲೇ ಇದೆ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದ ಶೇ 5ನ್ನು ಅಂಗವಿಕಲರಿಗೆ ಖರ್ಚು ಮಾಡಬೇಕು, ಅವರಿಗಾಗಿಯೇ ವಿಶೇಷ ಗ್ರಾಮಸಭೆ ಕರೆಯಬೇಕು. ಕಂದಾಯ ಸರಿಯಾಗಿ ಬಾರದ ಪಂಚಾಯಿತಿಯಲ್ಲಿ ಅದು ಸಣ್ಣ ಮೊತ್ತ. ಅದನ್ನು ಹೊದಿಕೆ ಹಂಚುವುದಕ್ಕೇ ಮುಗಿಸಿದರೆ ಒಂದು ಚಳಿಗಾಲಕ್ಕಾಯಿತು. ಅದೇ ಹಣದಲ್ಲಿ ಶಾಲೆಯ ಶೌಚಾಲಯಕ್ಕೆ ಹಿಡಿಕಂಬಿ, ನೀರಿನ ಘಟಕದ ಮುಂದೆ ಮೆಟ್ಟಿಲಿಲ್ಲದ ದಾರಿ, ಬಸ್ ನಿಲ್ದಾಣದಲ್ಲಿ ಕೂರಲೊಂದು ಎತ್ತರದ ಕಟ್ಟೆ ಆದರೆ ಬಸುರಿಯರಿಗೂ ಮುದುಕರಿಗೂ ನೆರವು.

ಬಡವನಹಳ್ಳಿಯಲ್ಲಾಗಲಿ ಮಿಡಿಗೇಶಿಯಲ್ಲಾಗಲಿ, ಮುಂದಿನ ವಿಶೇಷ ಗ್ರಾಮಸಭೆಯನ್ನು ಮಹಡಿಯ ಮೇಲೆ ಇಡಬೇಡಿ, ನೆಲಮಟ್ಟದ ಜಾಗದಲ್ಲಿ ಇಡಿ. ದಿನಾಂಕವನ್ನು ನೋಟಿಸ್ ಅಂಟಿಸಿ ಬಿಡದೆ ವಿಆರ್‌ಡಬ್ಲ್ಯು ಮೂಲಕ ಮನೆಮನೆಗೆ ಹೇಳಿ ಕಳಿಸಿ. ಕಿವಿ ಕೇಳದವರಿಗಾಗಿ ಸನ್ನೆಭಾಷೆ ಬಲ್ಲವರೊಬ್ಬರನ್ನು ಕರೆಸಿ. ಕಣ್ಣು ಕಾಣದವರೂ ಇರುತ್ತಾರಾದ್ದರಿಂದ ಕಳೆದ ವರ್ಷದ ಶೇ 5 ಎಷ್ಟಿತ್ತು, ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಗಟ್ಟಿಯಾಗಿ ಓದಿ ಹೇಳಿ. ಆಮೇಲೆ ಏನು ಬೇಕೆಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ.