ಕಣ್ಣಿನ ಪೊರೆಯೂ ವೈದ್ಯರ ಆಯ್ಕೆಯೂ

ವಯಸ್ಸು ಅರುವತ್ತನ್ನು ಸಮೀಪಿಸುವ ಹೊತ್ತಿಗೆ ನಮ್ಮಲ್ಲಿ ಬಹುಮಂದಿಗೆ ಕಣ್ಣಿನಲ್ಲಿ ಪೊರೆ ಕಾಣಿಸಿಕೊಳ್ಳುವುದು. ದೀಪದ ಸುತ್ತಲೂ ಪರಿವೇಷ ಕಟ್ಟಿದಂತೆ ತೋರುವುದು, ಎದುರಿಗೆ ಬರುವವರ ಮುಖವು ಮಂಜಿನಲ್ಲಿ ಮುಳುಗಿದಂತಾಗುವುದು, ಕನ್ನಡಕದ ನಂಬರು ಮತ್ತೆ ಮತ್ತೆ ಬದಲಾಗುವುದು, ಇವೇ ಅದರ ಲಕ್ಷಣಗಳು. ಕಣ್ಣಿನೊಳಗೆ ಸ್ಫಟಿಕದಂತೆ ಸ್ವಚ್ಛವಾಗಿರತಕ್ಕ ಮಸೂರವು ಕ್ರಮೇಣ ಮಬ್ಬಾಗುವುದೇ ಈ ವ್ಯಾಧಿಯ ಸ್ವರೂಪ. ಇದನ್ನು ಕರಗಿಸತಕ್ಕ ಹನಿಯಾಗಲಿ ಅಂಜನವಾಗಲಿ ಇಂದಿಗೂ ಇಲ್ಲ, ಶಸ್ತ್ರಚಿಕಿತ್ಸೆಯೊಂದೇ ಮಾರ್ಗ. ಆ ಚಿಕಿತ್ಸೆಯಾದರೋ ಈಗ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿದುಹೋಗುವಷ್ಟು ಸುಲಭವಾಗಿದೆ. ಈ ಸೌಲಭ್ಯವೇ ನಮ್ಮ ಅಜಾಗರೂಕತೆಗೂ ಕಾರಣವಾಗಿದೆಯೆಂದು ನನಗೆ ತೋರುತ್ತದೆ. ಮಗಳಿಗೆ ವರನನ್ನು ನೋಡುವಾಗ ಹತ್ತು ಕಡೆ ವಿಚಾರಿಸುವ ನಾವು, ಕಣ್ಣನ್ನು ಒಪ್ಪಿಸುವಾಗ ಬಾಗಿಲ ಮೇಲಿನ ಫಲಕವನ್ನು ನೋಡಿ ಒಳಹೊಕ್ಕುಬಿಡುತ್ತೇವೆ.

ನಮ್ಮ ಅಣ್ಣನವರ ವಿಷಯದಲ್ಲಿ ಹೀಗೆಯೇ ಆಯಿತು. ಅವರಿಗೆ ಹದಿನೈದು ವರ್ಷಗಳಿಂದ ಸಕ್ಕರೆಯ ಕಾಯಿಲೆ. ಪತ್ರಿಕೆಯ ಜಾಹೀರಾತನ್ನು ನೋಡಿ ಒಂದು ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿ ಬಹಳ ಬೆಲೆಯ ಮಸೂರವನ್ನು ಸೂಚಿಸಿದರು, ಅಣ್ಣನವರೂ ಒಪ್ಪಿದರು. ಪೊರೆಯನ್ನು ತೆಗೆದದ್ದರಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ದೃಷ್ಟಿ ತಿಳಿಯಾಗಲಿಲ್ಲ. ಎರಡು ತಿಂಗಳ ತರುವಾಯ ಬೇರೊಬ್ಬ ವೈದ್ಯರು ಪರೀಕ್ಷಿಸಿ, ಸಕ್ಕರೆಯ ಕಾಯಿಲೆಯಿಂದ ಕಣ್ಣಿನ ಹಿಂಭಾಗದ ಅಕ್ಷಿಪಟಲವು ಮೊದಲೇ ಕೆಟ್ಟಿದ್ದಿತೆಂದೂ, ಅದನ್ನು ಮುಂಚಿತವಾಗಿ ನೋಡಿ ಚಿಕಿತ್ಸೆ ಮಾಡಬೇಕಾಗಿದ್ದಿತೆಂದೂ ತಿಳಿಸಿದರು. ಕಿಟಕಿಯ ಗಾಜನ್ನು ಬದಲಾಯಿಸಿದರೆ ಸಾಲದು, ಒಳಮನೆಯ ಗೋಡೆಯೂ ನಿಂತಿರಬೇಕಷ್ಟೆ! ಅಣ್ಣನವರು ಈಗ ಪತ್ರಿಕೆಯ ದಪ್ಪ ಶೀರ್ಷಿಕೆಗಳನ್ನು ಮಾತ್ರ ಓದಬಲ್ಲರು. ಮಿಕ್ಕುದನ್ನು ಮೊಮ್ಮಗನು ಓದಿ ಹೇಳುತ್ತಾನೆ.

ಆದಕಾರಣ ಕಳೆದ ವರ್ಷ ನನ್ನ ಗೃಹಿಣಿಗೆ ಪೊರೆ ಬಂದಾಗ ನಾನು ಅವಸರಪಡದೆ ವಿಚಾರಮಾಡಿದೆನು. ಆ ವಿಚಾರದ ಫಲವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪೊರೆಯ ಚಿಕಿತ್ಸೆ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಶಲಾಕೆಯಿಂದ ಕಣ್ಣನ್ನು ಚುಚ್ಚಿ ಮಾಡುವ ಚಿಕಿತ್ಸೆ ವರ್ಣಿತವಾಗಿದೆ. ಅದೇ ಗ್ರಂಥದ ಸೂತ್ರಸ್ಥಾನದಲ್ಲಿ, ಶಿಷ್ಯನು ರೋಗಿಯ ಮೈಮೇಲೆ ಶಸ್ತ್ರವನ್ನಿಡುವುದಕ್ಕೆ ಮುಂಚೆ ಸೋರೆ, ಸೌತೆ ಮೊದಲಾದ ಕಾಯಿಗಳ ಮೇಲೆ ಕೈ ಪಳಗಿಸಿಕೊಳ್ಳಬೇಕೆಂಬ ವಿಧಿಯಿದೆ. ಪುರಾತನರು ಕೈಯ ಅಭ್ಯಾಸಕ್ಕೆ ಎಷ್ಟು ಬೆಲೆಯನ್ನು ಕೊಟ್ಟಿದ್ದರೆಂಬುದು ಇದರಿಂದ ವ್ಯಕ್ತವಾಗುತ್ತದೆ. ೧೭೪೭ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಎಂಬ ವೈದ್ಯನು ಮಬ್ಬಾದ ಮಸೂರವನ್ನು ಕಣ್ಣಿನಿಂದ ಹೊರಕ್ಕೆ ತೆಗೆಯುವ ಕ್ರಮವನ್ನು ಆರಂಭಿಸಿದನು. ಆದರೆ ಮಸೂರವಿಲ್ಲದ ಕಣ್ಣಿಗೆ ಸೀಸೆಯ ತಳದಂತಹ ದಪ್ಪ ಕನ್ನಡಕವೇ ಗತಿಯಾಗಿದ್ದಿತು. ನಮ್ಮ ಅಜ್ಜಂದಿರ ಮೂಗಿನ ಮೇಲೆ ಅದನ್ನು ಕಂಡವರು ಈಗಲೂ ಇದ್ದಾರೆ. ೧೯೪೯ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬವರು ಕಣ್ಣಿನೊಳಗೇ ಕೃತಕ ಮಸೂರವನ್ನು ಇಟ್ಟರು. ೧೯೬೭ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಎಂಬವರು, ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ಫೇಕೋ ಎಂಬ ವಿಧಾನವನ್ನು ಬಳಕೆಗೆ ತಂದರು. ಹೀಗಾಗಿ ಇಂದಿನ ವೈದ್ಯರ ಕೆಲಸವು ಎರಡು ಬಗೆಯದು: ಕೆಟ್ಟುದನ್ನು ತೆಗೆಯುವುದು ಒಂದು, ತಕ್ಕುದನ್ನು ಇಡುವುದು ಇನ್ನೊಂದು.

ವೈದ್ಯರನ್ನು ಆರಿಸುವವರು ಮೊದಲು ನೋಡಬೇಕಾದುದು ಅವರು ಪರೀಕ್ಷಿಸುವ ಬಗೆಯನ್ನು. ಕಣ್ಣಿನ ಪಾಪೆಯನ್ನು ಹನಿಯಿಂದ ಹಿಗ್ಗಿಸಿ ಹಿಂಭಾಗವನ್ನು ನೋಡಿದರೇ? ಕಣ್ಣಿನ ಒತ್ತಡವನ್ನು ಅಳೆದರೇ? ಸಕ್ಕರೆಯ ಕಾಯಿಲೆ, ರಕ್ತದೊತ್ತಡ, ಸೇವಿಸುತ್ತಿರುವ ಔಷಧಗಳು, ಇವನ್ನೆಲ್ಲ ಕೇಳಿದರೇ? ಮೂತ್ರದ ತೊಂದರೆಗಾಗಿ ಗಂಡಸರು ಸೇವಿಸುವ ಟ್ಯಾಮ್ಸುಲೋಸಿನ್ ಎಂಬ ಮಾತ್ರೆಯು ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಪಾಪೆಯನ್ನು ಸಡಿಲಿಸಿ ತೊಡಕನ್ನುಂಟುಮಾಡಬಲ್ಲುದು. ಅದನ್ನು ವೈದ್ಯರು ಕೇಳದಿದ್ದರೂ ನಾವೇ ಹೇಳತಕ್ಕದ್ದು.

ಎರಡನೆಯದು ಅಳತೆ. ಕಣ್ಣಿನ ಉದ್ದವನ್ನೂ ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪಟಲದ ಡೊಂಕನ್ನೂ ಅಳೆದು ಮಸೂರದ ಶಕ್ತಿಯನ್ನು ಲೆಕ್ಕಹಾಕಬೇಕು. ಕನ್ನಡಕವು ತಪ್ಪಿದರೆ ಅಂಗಡಿಯಲ್ಲಿ ಬದಲಾಯಿಸಿಕೊಳ್ಳಬಹುದು. ಕಣ್ಣಿನೊಳಗಿನ ಮಸೂರವನ್ನು ಹಾಗೆ ಬದಲಾಯಿಸಲಾಗದು. ಅಳತೆಗೆ ತಾಳ್ಮೆಯಿಲ್ಲದ ಕಡೆ ಕಣ್ಣನ್ನು ಕೊಡಬಾರದು.

ಮೂರನೆಯದು ಕೈ. ಸಮಾಲೋಚನೆ ಮಾಡುವವರು ಒಬ್ಬರು, ಶಸ್ತ್ರ ಹಿಡಿಯುವವರು ಇನ್ನೊಬ್ಬರು ಆಗುವುದುಂಟು. ಆದುದರಿಂದ ಶಸ್ತ್ರಚಿಕಿತ್ಸೆಯನ್ನು ಯಾರು ಮಾಡುವರು, ಅವರಿಗೆ ಎಷ್ಟು ವರ್ಷಗಳ ಅಭ್ಯಾಸವಿದೆ, ತೊಡಕಾದರೆ ಏನು ಮಾಡುವರು ಎಂದು ವಿನಯದಿಂದ ಕೇಳುವುದರಲ್ಲಿ ಅಪರಾಧವಿಲ್ಲ. ಈ ಪ್ರಶ್ನೆಗೆ ಕೋಪಿಸಿಕೊಳ್ಳುವವರಿಗಿಂತ ಶಾಂತವಾಗಿ ಉತ್ತರಿಸುವವರೇ ಮೇಲು. ಯಂತ್ರದ ಹೆಸರಿಗೆ ಮರುಳಾಗಬೇಕಾಗಿಲ್ಲ. ಫೇಕೋ ವಿಧಾನದಲ್ಲಿ ಗಾಯವು ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ. ಅದಕ್ಕಿಂತ ತುಸು ದೊಡ್ಡ ಗಾಯದ, ಸಾಮಾನ್ಯವಾಗಿ ಹೊಲಿಗೆ ಬೇಡದ ಮತ್ತೊಂದು ವಿಧಾನವೂ ಇದೆ. ಬಲಿತು ಗಟ್ಟಿಯಾದ ಪೊರೆಗೆ ಅನುಭವಿಗಳು ಅದನ್ನೇ ಮೆಚ್ಚುವುದುಂಟು.

ನಾಲ್ಕನೆಯದು ಮಸೂರದ ಮಾತು. ನಾವು ಕೊನೆಗೆ ಆರಿಸಿಕೊಂಡ ವೈದ್ಯರು ಬೆಲೆಯ ಪಟ್ಟಿಯನ್ನು ಮುಂದಿಡಲಿಲ್ಲ. “ಅಮ್ಮಾ, ಕಣ್ಣಿನಿಂದ ನಿಮಗೆ ಹೆಚ್ಚಾಗಿ ಆಗಬೇಕಾದ ಕೆಲಸ ಯಾವುದು?” ಎಂದು ಕೇಳಿದರು. “ಹೂ ಕಟ್ಟಬೇಕು, ಅಕ್ಕಿ ಆರಿಸಬೇಕು, ಸಂಜೆ ದೇವಸ್ಥಾನಕ್ಕೆ ಒಬ್ಬಳೇ ಹೋಗಿಬರಬೇಕು,” ಎಂದಳು ಆಕೆ. ಒಂದೇ ದೂರಕ್ಕೆ ಹೊಂದಿದ ಸಾಧಾರಣ ಮಸೂರವನ್ನಿಟ್ಟರೆ ದಾರಿ ಸ್ಪಷ್ಟವಾಗುವುದೆಂದೂ, ಹತ್ತಿರದ ಕೆಲಸಕ್ಕೆ ಕನ್ನಡಕ ಬೇಕಾಗುವುದೆಂದೂ, ಹಲವು ದೂರಗಳಿಗೆ ಹೊಂದುವ ಮಸೂರಕ್ಕೆ ಬೆಲೆ ಹೆಚ್ಚು, ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆಗಳು ಕಾಣುವುವೆಂದೂ ಅವರು ವಿವರಿಸಿದರು. “ನಲವತ್ತು ವರ್ಷ ಹಾಕಿದ ಕನ್ನಡಕ, ಇನ್ನು ಮುಂದೆ ಭಾರವೇ?” ಎಂದು ನನ್ನ ಗೃಹಿಣಿ ತಾನೇ ತೀರ್ಮಾನಿಸಿದಳು.

ಅಲ್ಪವೆಚ್ಚದ ಚಿಕಿತ್ಸೆಯು ಕೀಳೆಂದು ಭಾವಿಸುವುದೂ ತಪ್ಪು. ನಮ್ಮ ನಾಡಿನ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೂ ಹೋಗಿ ಉಚಿತ ಶಿಬಿರಗಳಲ್ಲಿ ಅಸಂಖ್ಯಾತ ಬಡವರಿಗೆ ದೃಷ್ಟಿಯನ್ನಿತ್ತರು. ೧೯೭೬ರಲ್ಲಿ ಡಾಕ್ಟರ್ ಜಿ. ವೆಂಕಟಸ್ವಾಮಿಯವರು ಮಧುರೆಯಲ್ಲಿ ಸ್ಥಾಪಿಸಿದ ಅರವಿಂದ ನೇತ್ರಾಲಯವು ಹಣವುಳ್ಳವರನ್ನೂ ಇಲ್ಲದವರನ್ನೂ ಸಮಾನ ಕುಶಲತೆಯಿಂದ ನೋಡಬಹುದೆಂದು ತೋರಿಸಿಕೊಟ್ಟಿತು. ಬೆಂಗಳೂರಿನ ಮಿಂಟೋ ಆಸ್ಪತ್ರೆಯಂತಹ ಸರ್ಕಾರಿ ಸಂಸ್ಥೆಯೂ ನಮಗಿದೆ. ಹಣವು ಕಡಿಮೆಯೆಂಬ ಕಾರಣಕ್ಕೆ ವೃದ್ಧರನ್ನು ಕತ್ತಲೆಯಲ್ಲಿ ಕೂರಿಸಬೇಕಾಗಿಲ್ಲ.

ಕಡೆಯದಾಗಿ, ಚಿಕಿತ್ಸೆಯ ತರುವಾಯ ವೈದ್ಯರು ಸಿಗುವರೇ ಎಂಬುದನ್ನು ತಿಳಿಯಬೇಕು. ಮನೆಗೆ ಬಂದ ಮೇಲೆ ನೋವು ಹೆಚ್ಚಿದರೆ, ಕಣ್ಣು ಕೆಂಪೇರಿದರೆ, ಬಂದ ದೃಷ್ಟಿ ಮತ್ತೆ ಕುಗ್ಗಿದರೆ, ಅದು ಒಳಗೆ ನಂಜೇರಿದ ಸೂಚನೆಯಾಗಿರಬಹುದು. ಬೆಳಗಾಗಲೆಂದು ಕಾಯದೆ ಆಗಲೇ ಹೋಗಬೇಕು. ಅಂತಹ ಹೊತ್ತಿನಲ್ಲಿ ಯಾರ ಬಾಗಿಲನ್ನು ತಟ್ಟಬೇಕೆಂಬುದು ಮೊದಲೇ ಗೊತ್ತಿರಬೇಕು. ಹನಿಗಳನ್ನು ಕೈ ತೊಳೆದುಕೊಂಡು ಹೇಳಿದ ಹೊತ್ತಿಗೆ ಹಾಕುವುದು ಮನೆಯವರ ಧರ್ಮ. ನಮ್ಮಲ್ಲಿ ಆ ಕೆಲಸವನ್ನು ಸೊಸೆಯು ಗೋಡೆಯ ಮೇಲೆ ಪಟ್ಟಿ ಬರೆದು ನಡೆಸಿದಳು.

ಈಗ ನನ್ನ ಗೃಹಿಣಿ ಸಂಜೆ ಒಬ್ಬಳೇ ದೇವಸ್ಥಾನಕ್ಕೆ ಹೋಗಿಬರುತ್ತಾಳೆ. ಹಾದಿಯಲ್ಲಿ ಅಣ್ಣನವರ ಮನೆಗೆ ಹೋಗಿ, ಮೊಮ್ಮಗನು ಇಲ್ಲದ ದಿನ ಅವರಿಗೆ ಪತ್ರಿಕೆಯನ್ನು ಓದಿ ಹೇಳಿ ಬರುತ್ತಾಳೆ. ಅಣ್ಣನವರು ತಮ್ಮ ಪರಿಚಿತರಲ್ಲಿ ಯಾರು ಪೊರೆಯ ಮಾತೆತ್ತಿದರೂ ಒಂದನ್ನೇ ಹೇಳುತ್ತಾರೆ: “ಮೊದಲು ಕಣ್ಣಿನ ಹಿಂಭಾಗವನ್ನು ತೋರಿಸಿಕೊಳ್ಳಿ; ಮಸೂರದ ಬೆಲೆಯನ್ನು ಆಮೇಲೆ ಕೇಳಿ.” ವಾಚಕರೂ ಈ ಮಾತನ್ನು ತಮ್ಮ ಮನೆಯ ಹಿರಿಯರ ಕಿವಿಗೆ ಮುಟ್ಟಿಸುವರೆಂದು ನಂಬಿದ್ದೇನೆ.