ಹಳೆಯ ನಾಲ್ಕು ಚಕ್ರ ಚಾಲನೆಯ ವಾಹನಗಳು ಒಂದು ಪಕ್ಕಕ್ಕೆ ವಾಲುವಿಕೆ: ಕಾರಣ ಪತ್ತೆ ಹಾಗೂ ದುರಸ್ತಿ ಕುರಿತು ವಾಹನ ಮಾಲೀಕರಿಗೆ ಮಾಹಿತಿ

ನೋಂದಣಿ ನವೀಕರಣಕ್ಕಾಗಿ ಅಥವಾ ಜನಬಳಕೆಯಲ್ಲಿ ಎಫ್.ಸಿ. ಎಂದು ಕರೆಯಲಾಗುವ ಅರ್ಹತಾ ಪತ್ರಕ್ಕಾಗಿ ಹಾಜರುಪಡಿಸುವ ಹಳೆಯ ಜೀಪು ಮಾದರಿಯ ವಾಹನಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ನ್ಯೂನತೆಗಳಲ್ಲಿ ವಾಹನವು ಒಂದು ಪಕ್ಕಕ್ಕೆ ವಾಲಿರುವುದೂ ಒಂದಾಗಿದೆ. ಕಾರಣವನ್ನು ಖಚಿತಪಡಿಸಿಕೊಳ್ಳದೆ ಬಿಡಿಭಾಗಗಳನ್ನು ಬದಲಾಯಿಸಿದಲ್ಲಿ ಹಣ ವ್ಯಯವಾಗುವುದಲ್ಲದೆ ನ್ಯೂನತೆಯೂ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಅರ್ಜಿದಾರರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಈ ಮಾಹಿತಿಯು ಯಾರಿಗೆ ಅನ್ವಯಿಸುತ್ತದೆ?

ಮಹೀಂದ್ರ ಜೀಪ್, ಮಾರುತಿ ಜಿಪ್ಸಿ ಮುಂತಾದ, ಮುಂದೆ ಹಾಗೂ ಹಿಂದೆ ಲೀಫ್ ಸ್ಪ್ರಿಂಗ್ ಹೊಂದಿರುವ ಹಳೆಯ ವಾಹನಗಳ ಮಾಲೀಕರಿಗೆ ಇದು ಅನ್ವಯಿಸುತ್ತದೆ. ಕೊಡಗು, ಚಿಕ್ಕಮಗಳೂರು ಹಾಗೂ ಹಾಸನ ಜಿಲ್ಲೆಗಳ ತೋಟಗಳಲ್ಲಿ ಇಂತಹ ವಾಹನಗಳು ಈಗಲೂ ಬಳಕೆಯಲ್ಲಿವೆ. ಲೀಫ್ ಸ್ಪ್ರಿಂಗ್ ಎಂದರೆ ಒಂದರ ಮೇಲೊಂದು ಜೋಡಿಸಿದ, ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ವಾಹನದ ಭಾರವನ್ನು ಹೊರುವುದು ಹಾಗೂ ಆಕ್ಸಲನ್ನು ಅದರ ಸ್ಥಾನದಲ್ಲಿ ಹಿಡಿದಿಡುವುದು, ಈ ಎರಡೂ ಕಾರ್ಯಗಳನ್ನು ಇದೇ ಕಟ್ಟು ನಿರ್ವಹಿಸುತ್ತದೆ. ಆದಕಾರಣ ವಾಲುವಿಕೆಯನ್ನು ಕೇವಲ ನೋಟದ ದೋಷವೆಂದು ಉಪೇಕ್ಷಿಸತಕ್ಕದ್ದಲ್ಲ. ಮುರಿದ ಪಟ್ಟಿ ಅಥವಾ ಸಡಿಲಗೊಂಡ ಯು-ಬೋಲ್ಟಿನಿಂದ ಆಕ್ಸಲ್ ಸ್ಥಾನಪಲ್ಲಟಗೊಂಡಲ್ಲಿ, ಘಾಟಿ ರಸ್ತೆಯ ಇಳಿಜಾರಿನಲ್ಲಿ ವಾಹನದ ಮೇಲಿನ ಹಿಡಿತವೇ ತಪ್ಪುವ ಸಂಭವವಿರುತ್ತದೆ.

2. ಕಾಲಾವಧಿ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಖಾಸಗಿ ಬಳಕೆಯ ವಾಹನದ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು, ತದನಂತರ ತಪಾಸಣೆಗೊಳಪಟ್ಟು 5 ವರ್ಷಗಳ ಅವಧಿಗೆ ನವೀಕರಿಸಲ್ಪಡುತ್ತದೆ. ಇದಕ್ಕಾಗಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳಿಗಿಂತ ಮುಂಚಿತವಾಗಿ ಈ ಅರ್ಜಿಯನ್ನು ಸಲ್ಲಿಸಲು ಬರುವುದಿಲ್ಲ. ಹಳೆಯ ವಾಹನದ ಸ್ಪ್ರಿಂಗುಗಳು ಎಲ್ಲ ಕಡೆ ತಕ್ಷಣ ದೊರೆಯದಿರಬಹುದಾದ್ದರಿಂದ, ಕೆಳಗೆ ವಿವರಿಸಿರುವ ಪರೀಕ್ಷೆಯನ್ನು ಈ 60 ದಿನಗಳು ಆರಂಭವಾಗುವುದಕ್ಕೂ ಮೊದಲೇ ಮಾಡಿಸಿಕೊಳ್ಳುವುದು ಸೂಕ್ತ.

3. ಅಳತೆ ಮಾಡುವ ಕ್ರಮ

(ಅ) ವಾಹನದಲ್ಲಿರುವ ಸಾಮಾನುಗಳನ್ನು ಇಳಿಸಿ, ನಾಲ್ಕೂ ಟೈರುಗಳು ಒಂದೇ ಅಳತೆಯವೆಂದು ಖಚಿತಪಡಿಸಿಕೊಂಡು, ನಿಗದಿತ ಪ್ರಮಾಣದಲ್ಲಿ ಗಾಳಿ ತುಂಬಿಸಬೇಕು. ಎಷ್ಟೋ ವೇಳೆ ವಾಲುವಿಕೆಗೆ ಗಾಳಿಯ ವ್ಯತ್ಯಾಸವೊಂದೇ ಕಾರಣವಾಗಿರುತ್ತದೆ.

(ಆ) ವಾಹನವನ್ನು ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ, ಸ್ವಲ್ಪ ದೂರ ಮುಂದಕ್ಕೂ ಹಿಂದಕ್ಕೂ ಚಲಾಯಿಸಿ, ನಾಲ್ಕೂ ಮೂಲೆಗಳನ್ನು ಕೈಯಿಂದ ಒತ್ತಿ ಬಿಡಬೇಕು. ತುಕ್ಕು ಹಿಡಿದ ಪಟ್ಟಿಗಳು ಒಂದಕ್ಕೊಂದು ಕಚ್ಚಿಕೊಂಡಿದ್ದಲ್ಲಿ ಹೀಗೆ ಮಾಡದೆ ಸರಿಯಾದ ಅಳತೆ ದೊರೆಯುವುದಿಲ್ಲ.

(ಇ) ಪ್ರತಿ ಚಕ್ರದ ಹಬ್ಬಿನ ಮಧ್ಯಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದಿಟ್ಟುಕೊಳ್ಳಬೇಕು. ಅನಂತರ ಆಕ್ಸಲಿನಿಂದ ಚಾಸಿಸ್‌ವರೆಗಿನ ಅಂತರವನ್ನೂ ಎರಡೂ ಪಕ್ಕಗಳಲ್ಲಿ ಅಳೆಯಬೇಕು. ಮೊದಲ ಅಳತೆಯಲ್ಲಿ ಮಾತ್ರ ವ್ಯತ್ಯಾಸವಿದ್ದು ಎರಡನೆಯದು ಸಮನಾಗಿದ್ದಲ್ಲಿ ದೋಷವು ಸ್ಪ್ರಿಂಗಿನದಲ್ಲ. ಬಾಡಿ ಹಾಗೂ ಚಾಸಿಸ್ ನಡುವಿನ ರಬ್ಬರ್ ಕುಸಿದಿರುವುದು ಅಥವಾ ಬಾಡಿಯು ತುಕ್ಕು ಹಿಡಿದು ಕೂತಿರುವುದು ಅದಕ್ಕೆ ಕಾರಣವಾಗಿರುತ್ತದೆ.

ಎಡ ಬಲಗಳ ನಡುವೆ 10 ರಿಂದ 12 ಮಿ.ಮೀ. ವರೆಗಿನ ವ್ಯತ್ಯಾಸವು ಹಳೆಯ ವಾಹನಗಳಲ್ಲಿ ಸಾಮಾನ್ಯ. ತಯಾರಕರ ಕೈಪಿಡಿಯಲ್ಲಿ ಬೇರೆ ಮಿತಿ ನಮೂದಾಗಿದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು.

4. ದೋಷವು ಮುಂದಿನದೋ ಹಿಂದಿನದೋ?

ಚಾಸಿಸ್ ಒಂದೇ ಗಟ್ಟಿಯಾದ ಚೌಕಟ್ಟಾಗಿರುವುದರಿಂದ ಹಿಂದಿನ ಬಲ ಸ್ಪ್ರಿಂಗ್ ಕುಸಿದರೆ ಮುಂಭಾಗವೂ ಬಲಕ್ಕೆ ವಾಲಿದಂತೆ ಕಾಣುತ್ತದೆ. ಹೀಗಾಗಿ ಕಣ್ಣಳತೆಯಿಂದ ನಿರ್ಧರಿಸಲಾಗದು. ಈ ಕೆಳಗಿನ ಪರೀಕ್ಷೆಯನ್ನು ಅನುಭವಿ ಮೆಕ್ಯಾನಿಕ್‌ನಿಂದಲೇ ಮಾಡಿಸತಕ್ಕದ್ದು.

ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆಕಲ್ಲು ಕೊಟ್ಟು, ಚಾಸಿಸ್‌ನ ಮುಂಭಾಗದ ಅಡ್ಡತೊಲೆಯ ನಡುಮಧ್ಯೆ ಜಾಕ್ ಇಟ್ಟು, ಮುಂದಿನ ಸ್ಪ್ರಿಂಗುಗಳ ಮೇಲಿನ ಭಾರ ಇಳಿಯುವವರೆಗೆ ಎತ್ತಬೇಕು. ಆಗ ವಾಹನದ ಮಟ್ಟವನ್ನು ಹಿಂದಿನ ಸ್ಪ್ರಿಂಗುಗಳು ಮಾತ್ರ ನಿರ್ಧರಿಸುತ್ತವೆ. ವಾಲುವಿಕೆ ಹಾಗೆಯೇ ಉಳಿದರೆ ದೋಷ ಹಿಂದಿನದು, ಸರಿಹೋದರೆ ಮುಂದಿನದು. ಬಳಿಕ ಮುಂದಿನ ಚಕ್ರಗಳಿಗೆ ಅಡೆಕಲ್ಲು ಕೊಟ್ಟು ಹಿಂಭಾಗವನ್ನು ಇದೇ ರೀತಿ ಎತ್ತಿ ತಾಳೆ ನೋಡಬೇಕು. ಜಾಕ್ ಮೇಲೆ ನಿಂತಿರುವ ವಾಹನದ ಕೆಳಗೆ ಯಾವ ಕಾರಣಕ್ಕೂ ನುಸುಳಬಾರದು.

ಉದಾಹರಣೆಗಾಗಿ, ಒಂದು ವಾಹನದ ಅಳತೆಗಳು ಹೀಗಿವೆ ಎಂದಿಟ್ಟುಕೊಳ್ಳೋಣ: ಮುಂದೆ ಎಡ 460, ಬಲ 452, ಹಿಂದೆ ಎಡ 470, ಬಲ 440 ಮಿ.ಮೀ. ಮುಂಭಾಗದ ವ್ಯತ್ಯಾಸ 8, ಹಿಂಭಾಗದ ವ್ಯತ್ಯಾಸ 30. ಮುಂಭಾಗವನ್ನು ಎತ್ತಿದಾಗಲೂ ಹಿಂಭಾಗದ ಬಲಪಕ್ಕ ತಗ್ಗಾಗಿಯೇ ಉಳಿದರೆ ಹಿಂದಿನ ಬಲ ಸ್ಪ್ರಿಂಗನ್ನು ಬಿಚ್ಚಿ ನೋಡುವುದು ಸಮರ್ಥನೀಯ. ಅದಕ್ಕೂ ಮೊದಲೇ ನಾಲ್ಕೂ ಸ್ಪ್ರಿಂಗುಗಳನ್ನು ಬದಲಾಯಿಸಲು ಒಪ್ಪಿಕೊಳ್ಳುವ ಅವಶ್ಯಕತೆಯಿರುವುದಿಲ್ಲ.

5. ಪರಿಶೀಲಿಸಬೇಕಾದ ಭಾಗಗಳು

(ಅ) ಪಟ್ಟಿಗಳು: ಕೆಸರನ್ನು ತೊಳೆದ ನಂತರವೇ ನೋಡಬೇಕು. ಸೆಂಟರ್ ಬೋಲ್ಟಿನ ರಂಧ್ರದ ಬಳಿ ಮುರಿದ ಪಟ್ಟಿಯು ಯು-ಬೋಲ್ಟಿನ ತಟ್ಟೆಯ ಅಡಿಯಲ್ಲಿ ಮರೆಯಾಗಿರುತ್ತದೆ.
(ಆ) ಸೆಂಟರ್ ಬೋಲ್ಟ್: ಇದು ತುಂಡಾದಲ್ಲಿ ಆಕ್ಸಲ್ ಹಿಂದೆ ಮುಂದೆ ಸರಿಯುತ್ತದೆ. ಎರಡೂ ಪಕ್ಕಗಳಲ್ಲಿ ಮುಂದಿನ ಹಾಗೂ ಹಿಂದಿನ ಹಬ್ಬುಗಳ ನಡುವಿನ ಅಂತರವನ್ನು ಅಳೆದು ಹೋಲಿಸಿದರೆ ಇದು ತಿಳಿಯುತ್ತದೆ. ಇಂತಹ ವಾಹನವನ್ನು ರಸ್ತೆಗಿಳಿಸತಕ್ಕದ್ದಲ್ಲ.
(ಇ) ಶಕಲ್ ಮತ್ತು ಬುಷ್: ಸವೆದಿರುವ ಬುಷ್, ಬಾಗಿದ ಅಥವಾ ತುಕ್ಕಿನಿಂದ ಬಿಗಿದುಕೊಂಡ ಶಕಲ್ ಕೂಡ ವಾಹನವನ್ನು ಒಂದು ಪಕ್ಕಕ್ಕೆ ಇಳಿಸುತ್ತವೆ.
(ಈ) ಚಾಸಿಸ್: ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್ಟುಗಳ ಸುತ್ತ ಬಿರುಕು ಅಥವಾ ತುಕ್ಕು ಇದೆಯೇ ಎಂದು ನೋಡಬೇಕು. ಕರಾವಳಿಯ ವಾಹನಗಳಲ್ಲಿ ಇದಕ್ಕೆ ವಿಶೇಷ ಗಮನ ಅಗತ್ಯ.
(ಉ) ಹಿಂದಿನ ದುರಸ್ತಿ: ಈ ಮೊದಲು ಒಂದೇ ಪಕ್ಕಕ್ಕೆ ಹೆಚ್ಚುವರಿ ಪಟ್ಟಿ ಸೇರಿಸಲಾಗಿದೆಯೇ ಎಂದು ಎರಡೂ ಕಡೆಯ ಪಟ್ಟಿಗಳನ್ನು ಎಣಿಸಿ, ಅವುಗಳ ದಪ್ಪವನ್ನೂ ಹೋಲಿಸಬೇಕು.

ಏನೂ ಕಂಡುಬಾರದಿದ್ದಲ್ಲಿ ಆ ಆಕ್ಸಲಿನ ಎಡ ಬಲ ಸ್ಪ್ರಿಂಗುಗಳನ್ನು ಅದಲು ಬದಲು ಮಾಡಿ ನೋಡಬಹುದು. ವಾಲುವಿಕೆ ಇನ್ನೊಂದು ಪಕ್ಕಕ್ಕೆ ಹೋದರೆ ದೋಷ ಸ್ಪ್ರಿಂಗಿನದು. ಅದೇ ಪಕ್ಕದಲ್ಲಿ ಉಳಿದರೆ ಬ್ರಾಕೆಟ್ ಅಥವಾ ಚಾಸಿಸ್‌ನದು. ಎರಡೂ ಪಕ್ಕಗಳಿಗೆ ತಯಾರಕರು ಒಂದೇ ಬಗೆಯ ಸ್ಪ್ರಿಂಗ್ ನೀಡಿರುವ ವಾಹನಗಳಿಗೆ ಮಾತ್ರ ಈ ಪರೀಕ್ಷೆ ಅನ್ವಯ.

6. ಶಾಕ್ ಅಬ್ಸಾರ್ಬರ್ ಬದಲಾಯಿಸಿದರೆ ಸರಿಹೋಗುವುದೇ?

ಇಲ್ಲ. ಶಾಕ್ ಅಬ್ಸಾರ್ಬರ್ ಕುಲುಕಾಟವನ್ನು ತಗ್ಗಿಸುತ್ತದೆಯೇ ಹೊರತು ವಾಹನದ ಭಾರವನ್ನು ಹೊರುವುದಿಲ್ಲ. ವಾಲುವಿಕೆಗೆ ಪರಿಹಾರವೆಂದು ಇದನ್ನು ಬದಲಾಯಿಸಿ ಮರುತಪಾಸಣೆಗೆ ಬಂದಲ್ಲಿ ಅದೇ ನ್ಯೂನತೆ ಮತ್ತೆ ನಮೂದಾಗುತ್ತದೆ.

7. ದುರಸ್ತಿಯಲ್ಲಿ ಪಾಲಿಸಬೇಕಾದ ಅಂಶಗಳು

(ಅ) ಸ್ಪ್ರಿಂಗುಗಳನ್ನು ಒಂದು ಆಕ್ಸಲಿಗೆ ಜೋಡಿಯಾಗಿಯೇ ಬದಲಾಯಿಸಬೇಕು. ಒಂದು ಪಕ್ಕ ಹೊಸದು, ಇನ್ನೊಂದು ಪಕ್ಕ ಹಳೆಯದು ಇದ್ದಲ್ಲಿ ವಾಹನವು ವಿರುದ್ಧ ದಿಕ್ಕಿಗೆ ವಾಲುತ್ತದೆ.
(ಆ) ಮುರಿದ ಪಟ್ಟಿಗೆ ಬೆಸುಗೆ ಹಾಕಿಸಬಾರದು. ಕುಸಿದ ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದಲ್ಲಿ ಉಕ್ಕಿನ ಹದ ಕೆಡುತ್ತದೆ. ಮರಳಿ ಹದಗೊಳಿಸುವ ವ್ಯವಸ್ಥೆಯಿರುವಲ್ಲಿ ಮಾತ್ರ ಇದನ್ನು ಮಾಡಿಸಬಹುದು.
(ಇ) ಬಿಚ್ಚಿದ ಯು-ಬೋಲ್ಟುಗಳ ಬದಲಿಗೆ ಹೊಸದನ್ನೇ ಹಾಕಿಸಿ, ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಬೇಕು.
(ಈ) ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ವಾಹನವು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಕೊನೆಯದಾಗಿ ಬಿಗಿಗೊಳಿಸಬೇಕು. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ.
(ಉ) ದುರಸ್ತಿಯ ನಂತರ ಬ್ರೇಕ್ ಹೋಸ್ ಎಳೆದುಕೊಂಡಿಲ್ಲವೆಂದು, ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿಲ್ಲವೆಂದು ಹಾಗೂ ಹೆಡ್‌ಲೈಟಿನ ಬೆಳಕು ಸರಿಯಾದ ಮಟ್ಟದಲ್ಲಿ ಬೀಳುತ್ತಿದೆಯೆಂದು ಪರೀಕ್ಷಿಸಿಕೊಳ್ಳಬೇಕು.

8. ವಾಹನವನ್ನು ಎತ್ತರಿಸುವ ಕುರಿತು

ವಾಲುವಿಕೆಯನ್ನು ಸರಿಪಡಿಸುವ ನೆಪದಲ್ಲಿ ಉದ್ದನೆಯ ಶಕಲ್ ಅಥವಾ ಹೆಚ್ಚು ಬಾಗಿದ ಸ್ಪ್ರಿಂಗ್ ಅಳವಡಿಸಿ ವಾಹನವನ್ನು ಎತ್ತರಿಸುವುದು ಪರಿಹಾರವಲ್ಲ. ಅಧಿನಿಯಮದ 52ನೇ ಪ್ರಕರಣವು ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಮೂಲ ಅಳತೆಯ ಸ್ಪ್ರಿಂಗ್ ಹಾಕಿಸಿದಲ್ಲಿ ಅದು ದುರಸ್ತಿ ಮಾತ್ರವಾಗಿರುತ್ತದೆ.

9. ತಪಾಸಣೆಗೆ ಬರುವಾಗ

ದುರಸ್ತಿಗೆ ಮೊದಲು ಹಾಗೂ ನಂತರ ಬರೆದಿಟ್ಟ ಅಳತೆಗಳು ಮತ್ತು ಬಿಡಿಭಾಗಗಳ ರಸೀದಿಗಳನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಇವು ಕಡ್ಡಾಯ ದಾಖಲೆಗಳಲ್ಲ. ಆದರೆ ಮುಂದಿನ ನವೀಕರಣದ ವೇಳೆಗೆ ವಾಹನವು ಪುನಃ ಎಷ್ಟು ಕುಸಿದಿದೆ ಎಂಬುದನ್ನು ಮಾಲೀಕರೇ ಲೆಕ್ಕ ಹಾಕಿಕೊಳ್ಳಲು ಸಹಾಯಕವಾಗುತ್ತವೆ. ವಾಹನದ ತಳಭಾಗವನ್ನು ತೊಳೆಯಿಸಿ ತರುವುದರಿಂದ ತಪಾಸಣೆಯೂ ಸುಗಮವಾಗುತ್ತದೆ.

ಮೊದಲು ಅಳತೆ, ನಂತರ ಕಾರಣ, ಕೊನೆಗೆ ಖರ್ಚು ಎಂಬ ಕ್ರಮವನ್ನು ಪಾಲಿಸಿ, ವಾಹನ ಮಾಲೀಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.